ಮರಿಗಿಂತ ಮೊದಲು ನೀರು ಸಾಗಬೇಕು

ಗಪ್ಪಿ ಮೀನು ಮೊಟ್ಟೆ ಇಡುವುದಿಲ್ಲ, ನೇರವಾಗಿ ಮರಿ ಹಾಕುತ್ತದೆ. ಹಾಕಿದ ಮರಿ ಕಣ್ಣೆದುರು ಅಲುಗಾಡಿದರೆ ಅದನ್ನು ತಿನ್ನಲೂ ಹಿಂಜರಿಯುವುದಿಲ್ಲ. ಮನೆಯಲ್ಲಿ ಗಾಜಿನ ಟ್ಯಾಂಕು ಇಟ್ಟವರು ಮೊದಲ ಸಲ ಇದನ್ನು ಕಂಡಾಗ ಗಾಬರಿಬಿದ್ದು ಜಾಳಿಗೆ ಹುಡುಕುತ್ತಾರೆ. ಮೀನು ಸಾಕುವವರು ಇಬ್ಬರು ಒಂದು ಕಡೆ ಕೂತರೆ ಮಾತು ಬಹುತೇಕ ಇಲ್ಲಿಗೇ ಬರುತ್ತದೆ: ತಾಯಿಯ ಬಾಯಿಂದ ಮರಿಯನ್ನು ಪಾರು ಮಾಡುವುದು ಹೇಗೆ? ರಾಯಚೂರಿನ ಬಿಸಿಲಲ್ಲಿ, ಇಲ್ಲಿಯದೇ ನೀರಲ್ಲಿ ವರ್ಷಗಳಿಂದ ಈ ಮೀನು ಸಾಕುತ್ತ ಬಂದ ನನಗೆ ಬೇರೆಯೇ ಅನಿಸಿದೆ. ತಾಯಿ ತಿನ್ನುವ ಮರಿಗಿಂತ ನಮ್ಮ ಕೈ ಕೊಲ್ಲುವ ಮರಿ ಹೆಚ್ಚು.

ಅಕ್ವೇರಿಯಂ ಅಂಗಡಿಗಳಲ್ಲಿ ಅಂಗೈ ಅಗಲದ ಪ್ಲಾಸ್ಟಿಕ್ ಪೆಟ್ಟಿಗೆ ಸಿಗುತ್ತದೆ. ತಳದಲ್ಲಿ ಸೀಳು. ಬಸುರಿ ಮೀನನ್ನು ಅದರೊಳಗೆ ಬಿಟ್ಟರೆ ಮರಿಗಳು ಸೀಳಿನಿಂದ ಕೆಳಗಿಳಿದು ಪಾರಾಗುತ್ತವೆ, ತಾಯಿ ಮೇಲೇ ಉಳಿಯುತ್ತದೆ ಎಂಬುದು ಲೆಕ್ಕ. ನಮ್ಮ ಅಕ್ಕನ ಮಗ ಒಂದು ದಿನ ಅದನ್ನು ಕೊಂಡು ತಂದ. "ಸಣ್ಣವ್ವ, ಇವತ್ತ ಹಾಕ್ತದ ನೋಡು, ಹೊಟ್ಟಿ ಎಷ್ಟು ದೊಡ್ಡದಾಗ್ಯಾದ" ಎಂದು ಜಾಳಿಗೆ ಎತ್ತಿಕೊಂಡ. ಟ್ಯಾಂಕಿನ ಪಕ್ಕದ ಕುರ್ಚಿ ನಮ್ಮ ಅತ್ತೆಯದು. ಮಾನ್ವಿ ಕಡೆಯ ಹಳ್ಳಿಯವರು, ಟಿವಿಗಿಂತ ಹೆಚ್ಚು ಹೊತ್ತು ಮೀನು ನೋಡುತ್ತಾರೆ. ಅವರು ಅಲ್ಲಿಂದಲೇ ಗದರಿದರು: "ದಿನ ತುಂಬಿದಾಕೀನ ಈಗ ಮನಿ ಬಿಡಸ್ತೀಯೇನ? ಕುಬಸ ಮಾಡಿ ಏಳನೇ ತಿಂಗಳದಾಗ ತವರಿಗೆ ಕರಕೊಂಡು ಹೋಗ್ತಾರ. ನೋವು ಬಂದ ಮ್ಯಾಲ ಬಸ್ಸು ಹತ್ತಸ್ತಾರೇನು?"

ಅತ್ತೆ ಮೀನಿನ ಬಗ್ಗೆ ಏನೂ ಓದಿದವರಲ್ಲ, ಆದರೆ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಗಪ್ಪಿ ಮೂರರಿಂದ ನಾಲ್ಕು ವಾರ ಬಸುರಿ. ನೀರು ಬೆಚ್ಚಗಿದ್ದರೆ ಬೇಗ, ತಣ್ಣಗಿದ್ದರೆ ತಡ. ಬಾಲದ ಕಡೆಗೆ, ಹೊಟ್ಟೆಯ ಕೊನೆಯಲ್ಲಿ ಒಂದು ಕಪ್ಪು ಮಚ್ಚೆ ದಿನದಿನಕ್ಕೆ ದಟ್ಟವಾಗುತ್ತದೆ. ತಿಳಿಬಣ್ಣದ ಮೀನಾದರೆ ಕೊನೆಯ ದಿನಗಳಲ್ಲಿ ಆ ಮಚ್ಚೆಯೊಳಗೆ ಮರಿಗಳ ಕಣ್ಣು ಚುಕ್ಕೆಚುಕ್ಕೆಯಾಗಿ ಕಾಣುವುದೂ ಉಂಟು. ಹೊಟ್ಟೆಯ ಮುಂಭಾಗ ಚೌಕಾಕಾರಕ್ಕೆ ಬಂತು, ಮೀನು ಒಂದು ಮೂಲೆ ಹಿಡಿಯಿತು ಎಂದರೆ ಹೊತ್ತು ಹತ್ತಿರ ಬಂತು. ಆಗ ಅದನ್ನು ಬೆನ್ನಟ್ಟಿ ಹಿಡಿದು ಇಕ್ಕಟ್ಟಿನ ಪೆಟ್ಟಿಗೆಗೆ ತುರುಕಿದರೆ ಒಂದೋ ಹೆರಿಗೆ ತಡೆದುಕೊಳ್ಳುತ್ತದೆ, ಇಲ್ಲವೇ ದಿನ ತುಂಬದ ಮರಿ ಹಾಕುತ್ತದೆ. ಅಂಥ ಮರಿಯ ಹೊಟ್ಟೆಗೆ ತತ್ತಿಯ ಹಳದಿಯ ಚೀಲ ಇನ್ನೂ ಅಂಟಿಕೊಂಡಿರುತ್ತದೆ. ಈಜಲಾರದೆ ತಳದಲ್ಲೇ ಬಿದ್ದಿರುತ್ತದೆ, ಹೆಚ್ಚಿನವು ಉಳಿಯುವುದಿಲ್ಲ. ಬೇರೆ ಇಡಲೇಬೇಕು ಎನ್ನುವವರು ಒಂದು ವಾರ ಮೊದಲೇ ತಾಯಿಯನ್ನು ಪ್ರತ್ಯೇಕ ಟ್ಯಾಂಕಿಗೆ ಸೇರಿಸಿ, ಹೆತ್ತ ಮೇಲೆ ಅದನ್ನೇ ಹೊರಗೆ ತೆಗೆಯುವುದು ವಾಸಿ.

ಅದಕ್ಕಿಂತ ವಾಸಿ ಗಿಡ. ಟ್ಯಾಂಕಿನ ಮೂರನೇ ಒಂದು ಭಾಗ ಹೈಡ್ರಿಲ್ಲಾ, ಇಲ್ಲವೇ ಜಾವಾ ಮಾಸ್ ಎಂಬ ಪಾಚಿ ತುಂಬಿದ್ದರೆ ಮರಿಗಳು ತಾವೇ ಅದರೊಳಗೆ ಹೊಗುತ್ತವೆ. ಹುಟ್ಟಿದಾಗ ಆರೇಳು ಮಿಲಿಮೀಟರ್ ಉದ್ದ ಇರುತ್ತವೆ. ಮೊದಲು ತಳಕ್ಕೆ ಜಾರಿ, ಸ್ವಲ್ಪ ಹೊತ್ತಿಗೆ ಸಾವರಿಸಿಕೊಂಡು ಈಜತೊಡಗುತ್ತವೆ. ಅಡಗಬೇಕೆಂದು ಅವಕ್ಕೆ ಯಾರೂ ಕಲಿಸಬೇಕಿಲ್ಲ. ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ನಮ್ಮ ಕಡೆ ಹೈಡ್ರಿಲ್ಲಾ ಕಾಲುವೆಯಲ್ಲಿ ಬಿಟ್ಟಿ ಸಿಗುತ್ತದೆಂದು ಕಿತ್ತು ತರುವವರಿದ್ದಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ಗುಂಟ ಇರುವುದೆಲ್ಲ ಭತ್ತದ ಗದ್ದೆ. ಅಲ್ಲಿ ಹೊಡೆದ ಔಷಧ ಬಸಿನೀರಿನಲ್ಲಿ ಇಳಿದುಬರುತ್ತದೆ. ಗಿಡದ ಸಂದಿಯಲ್ಲಿ ಏರೋಪ್ಲೇನ್ ಚಿಟ್ಟೆಯ ಮರಿಹುಳುವೂ ಬರುತ್ತದೆ. ಕೆಳದವಡೆಯನ್ನು ಚಟ್ಟನೆ ಮುಂದಕ್ಕೆ ಚಾಚಿ ಮೀನುಮರಿ ಹಿಡಿಯುವುದರಲ್ಲಿ ಅದು ತಾಯಿ ಗಪ್ಪಿಯನ್ನೂ ಮೀರಿಸುತ್ತದೆ. ಗಿಡವನ್ನು ಬೇರೆ ಬಕೆಟ್ಟಿನಲ್ಲಿ ವಾರಗಟ್ಟಲೆ ಇಟ್ಟು, ದಿನವೂ ನೀರು ಬದಲಿಸಿ, ಜಾಡಿಸಿ ನೋಡಿದ ಮೇಲೆಯೇ ಟ್ಯಾಂಕಿಗೆ ಹಾಕಬೇಕು.

ಇನ್ನು ನೀರಿನ ಮಾತು. ನನ್ನ ಮಟ್ಟಿಗೆ ಇಡೀ ವಿಷಯ ಇರುವುದೇ ಇದರಲ್ಲಿ.

ಬಡಗಣಕ್ಕೆ ಕೃಷ್ಣೆ, ತೆಂಕಣಕ್ಕೆ ತುಂಗಭದ್ರೆ. ಎಡೆದೊರೆ ನಾಡು ಎಂದು ಹಳೆಯ ಶಾಸನಗಳಲ್ಲಿ ಕರೆಸಿಕೊಂಡ ಸೀಮೆ ನಮ್ಮದು. ಎರಡು ಹೊಳೆಗಳ ನಡುವೆ ಇದ್ದೂ ಒಂದೊಂದು ಮನೆಯಲ್ಲಿ ಮೂರು ಮೂರು ನೀರು. ನಲ್ಲಿಯಲ್ಲಿ ಬಿಟ್ಟಾಗ ಹಿಡಿದಿಟ್ಟ ಹೊಳೆನೀರು, ಅದರಲ್ಲಿ ಕ್ಲೋರಿನ್. ಬಳಕೆಗೆ ಬೋರಿನ ನೀರು, ಅದು ಸವಳು. ಕೊಡ ತೊಳೆದು ಒಣಗಿಸಿದರೆ ಬಿಳಿ ಕಲೆ ಬಿಡುತ್ತದೆ. ಕುಡಿಯಲು ಶುದ್ಧ ನೀರಿನ ಘಟಕದಿಂದ ಹೊತ್ತು ತಂದ ಕ್ಯಾನಿನ ನೀರು. ಕುಡಿಯುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಮಿನ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 2000ದವರೆಗೆ ನಡೆದೀತು ಎನ್ನುತ್ತದೆ ಭಾರತೀಯ ಮಾನಕ. ಕರಗಿದ ಲವಣ ಅಳೆಯುವ, ಪೆನ್ನಿನಂಥ ಟಿಡಿಎಸ್ ಮೀಟರ್ ಒಂದನ್ನು ಈ ಮೂರರಲ್ಲೂ ಅದ್ದಿ ನೋಡಿದರೆ ಅವು ಒಂದೇ ಊರಿನ ನೀರೆಂದು ನಂಬುವುದು ಕಷ್ಟ.

ವಿಚಿತ್ರವೆಂದರೆ ಗಪ್ಪಿಗೆ ನಮ್ಮ ಸವಳು ನೀರೇ ಹಿತ. ಗಡುಸಾದ, ತುಸು ಕ್ಷಾರದ ನೀರಿಗೆ ಅದು ಒಗ್ಗುತ್ತದೆ. ಅದರ ನೆಂಟ ಮಾಲಿ ಮೀನಂತೂ ಇನ್ನೂ ಉಪ್ಪಾದರೂ ತಡೆಯುತ್ತದೆ. "ಶುದ್ಧ" ಎಂದು ಬರೆದ ಕ್ಯಾನಿನ ನೀರಲ್ಲಿ ಮಾತ್ರ ಗಪ್ಪಿ ಸೊರಗುತ್ತದೆ. ಅದರಲ್ಲಿ ಲವಣ ಕಡಿಮೆ, ಕ್ಷಾರ ಆಮ್ಲದ ಮಟ್ಟವನ್ನು ಹಿಡಿದಿಡುವ ಶಕ್ತಿಯೂ ಕಡಿಮೆ. ಎಳೆಮರಿಗೆ ಒಳ್ಳೆಯ ನೀರೇ ಇರಲಿ ಎಂಬ ಮಮತೆಯಿಂದ ಬೋರಿನ ನೀರಲ್ಲಿ ಹುಟ್ಟಿದ ಮರಿಯನ್ನು ನೇರವಾಗಿ ಕ್ಯಾನಿನ ನೀರಿಗೆ ಬಿಡುವವರನ್ನು ಕಂಡಿದ್ದೇನೆ. ಮೀನಿನ ಮೈಯೊಳಗಿನ ಉಪ್ಪಿಗೂ ಹೊರಗಿನ ಉಪ್ಪಿಗೂ ಎಡೆಬಿಡದೆ ಕೊಡುಕೊಳ್ಳುವಿಕೆ ನಡೆದಿರುತ್ತದೆ. ಹೊರಗಿನದು ದಿಢೀರನೆ ಬದಲಾದರೆ ದೊಡ್ಡ ಮೀನು ಹೇಗೋ ಸುಧಾರಿಸಿಕೊಂಡೀತು. ಮರಿಯ ತೂಕ ಕಡಿಮೆ, ತೂಕಕ್ಕೆ ಹೋಲಿಸಿದರೆ ಮೈಚರ್ಮ ಕಿವಿರುಗಳ ಹರವು ಹೆಚ್ಚು. ಅದಕ್ಕೆ ಸುಧಾರಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ.

ಆದ್ದರಿಂದ ಮರಿ ಸಾಗಿಸಬೇಕಾದಾಗ ನಾನು ಮೊದಲು ಸಾಗಿಸುವುದು ನೀರನ್ನು. ಮರಿಗಳ ತೊಟ್ಟಿಗೆ ತುಂಬುವುದು ದೊಡ್ಡ ಟ್ಯಾಂಕಿನದೇ ನೀರು. ಆ ಟ್ಯಾಂಕಿನಲ್ಲಿ ಖಾಲಿಯಾದಷ್ಟನ್ನು ತೆರೆದಿಟ್ಟು ಆರಿಸಿದ ಹೊಸ ನೀರಿನಿಂದ ನಿಧಾನವಾಗಿ ತುಂಬುತ್ತೇನೆ. ದೊಡ್ಡ ಮೀನುಗಳು ಅಷ್ಟು ಬದಲಾವಣೆ ತಡೆಯುತ್ತವೆ. ಹಳೆಯ ನೀರು ಹಾಕಿದರೆ ಒಳ್ಳೆಯ ಬ್ಯಾಕ್ಟೀರಿಯಾ ಬರುತ್ತವೆ ಎಂದು ಬಹಳ ಮಂದಿ ಹೇಳುತ್ತಾರೆ, ಅದು ಅರ್ಧ ಸುಳ್ಳು. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ನೈಟ್ರೈಟಾಗಿ, ನೈಟ್ರೈಟನ್ನು ನೈಟ್ರೇಟಾಗಿ ಬದಲಿಸುವ ಬ್ಯಾಕ್ಟೀರಿಯಾ ಹೆಚ್ಚಾಗಿ ಅಂಟಿಕೊಂಡಿರುವುದು ಫಿಲ್ಟರಿನ ಸ್ಪಂಜಿಗೆ, ಕಲ್ಲಿಗೆ, ಎಲೆಗೆ. ನೀರಿನಲ್ಲಿ ತೇಲುವುದು ಕಡಿಮೆ. ಹಳೆ ನೀರು ತರುವುದು ಒಗ್ಗಿದ ಉಪ್ಪು, ಒಗ್ಗಿದ ಬಿಸಿ. ಬ್ಯಾಕ್ಟೀರಿಯಾ ಬೇಕೆಂದರೆ ಓಡುತ್ತಿರುವ ಸ್ಪಂಜ್ ಫಿಲ್ಟರನ್ನೇ ತಂದು ಇಳಿಬಿಡಬೇಕು. ಅದಕ್ಕಾಗಿ ದೊಡ್ಡ ಟ್ಯಾಂಕಿನ ಮೂಲೆಯಲ್ಲಿ ಒಂದು ಹೆಚ್ಚಿನ ಸ್ಪಂಜು ಯಾವಾಗಲೂ ಇಟ್ಟಿರುವುದು ಒಳ್ಳೆಯದು.

ಮರಿ ಎತ್ತಲು ಜಾಳಿಗೆ ಬೇಡ. ಅದರಲ್ಲಿ ಮರಿ ನೀರಿನಿಂದ ಹೊರಗೆ ಬಂದು ದಾರಕ್ಕೆ ಅಂಟಿಕೊಳ್ಳುತ್ತದೆ, ರೆಕ್ಕೆ ಹರಿಯುತ್ತದೆ. ಒಂದು ಸ್ಟೀಲ್ ಲೋಟ ಅಥವಾ ಪಾರದರ್ಶಕ ಡಬ್ಬಿಯನ್ನು ವಾರೆಯಾಗಿ ಮುಳುಗಿಸಿದರೆ ನೀರು ಒಳಗೆ ಸೆಳೆಯುವಾಗ ಮರಿಯೂ ಜೊತೆಗೇ ಬರುತ್ತದೆ. ಗಾಳಿ ಅದರ ಮೈಗೆ ತಾಗುವುದೇ ಇಲ್ಲ. ಎರಡು ಕಡೆಯ ನೀರು ಬೇರೆಯಾಗಿದ್ದರೆ ಏರ್ ಪಂಪಿನ ತೆಳು ಪೈಪಿಗೆ ಸಡಿಲ ಗಂಟು ಹಾಕಿ, ಹೊಸ ನೀರನ್ನು ಹನಿಹನಿಯಾಗಿ ಆ ಡಬ್ಬಿಗೆ ಬಿಡಬೇಕು. ಡಬ್ಬಿಯ ನೀರು ಎರಡು ಮೂರು ಪಟ್ಟು ಆಗುವ ಹೊತ್ತಿಗೆ ಮರಿ ಒಗ್ಗಿರುತ್ತದೆ.

ಈ ಹನಿ ಹಾಕುವ ಪದ್ಧತಿಯನ್ನು ಎಲ್ಲ ಕಡೆಗೂ ಒಂದೇ ಸಮ ಅನ್ವಯಿಸುವವರಿದ್ದಾರೆ, ಅಲ್ಲಿ ಒಂದು ಸೂಕ್ಷ್ಮವಿದೆ. ಅಲಂಕಾರಿಕ ಮೀನಿನ ದೊಡ್ಡ ಸಂತೆ ಚೆನ್ನೈನ ಕೊಳತ್ತೂರು. ಅಲ್ಲಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬಂದ ಬಿಗಿದ ಚೀಲದಲ್ಲಿ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್ ತುಂಬಿ ನೀರು ಆಮ್ಲದ ಕಡೆಗೆ ಹೊರಳಿರುತ್ತದೆ. ಆಮ್ಲದಲ್ಲಿ ಅಮೋನಿಯಾದ ವಿಷ ಅಡಗಿ ಕೂರುತ್ತದೆ. ಚೀಲ ಬಿಚ್ಚಿದೊಡನೆ ಆ ಅನಿಲ ಹಾರಿಹೋಗಿ ನೀರು ಮತ್ತೆ ಕ್ಷಾರಕ್ಕೇರುತ್ತದೆ, ಅಡಗಿದ್ದ ವಿಷ ಎಚ್ಚೆತ್ತುಕೊಳ್ಳುತ್ತದೆ. ಬಿಚ್ಚಿದ ಚೀಲದಲ್ಲಿ ಗಂಟೆಗಟ್ಟಲೆ ಹನಿ ಹಾಕುತ್ತ ಕೂತರೆ ಮೀನು ಅದೇ ವಿಷದಲ್ಲಿ ಬೇಯುತ್ತದೆ. ದೂರದಿಂದ ಬಂದದ್ದಾದರೆ ಮುಚ್ಚಿದ ಚೀಲವನ್ನೇ ಕಾಲು ಗಂಟೆ ತೇಲಿಬಿಟ್ಟು ಬಿಸಿ ಸಮ ಮಾಡಿ, ಬಿಚ್ಚಿದ ಮೇಲೆ ತಡಮಾಡದೆ ಮೀನನ್ನಷ್ಟೇ ಟ್ಯಾಂಕಿಗೆ ಸೇರಿಸಿ, ಚೀಲದ ನೀರನ್ನು ಗಿಡಕ್ಕೆ ಚೆಲ್ಲಬೇಕು.

ಸಾಗಣೆಯ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ತುಂಗಭದ್ರಾ ಜಲಾಶಯದ ಕಡೆಯಿಂದ ಕೆರೆ ಹೊಂಡಗಳಿಗೆ ಕಾಟ್ಲಾ, ರೋಹು ಮರಿ ಒಯ್ಯುವವರನ್ನು ನೋಡಿ: ಚೀಲದಲ್ಲಿ ನೀರು ಮೂರನೇ ಒಂದು ಪಾಲು, ಉಳಿದದ್ದೆಲ್ಲ ಆಮ್ಲಜನಕ. ಹೊರಡುವ ಮುಂಚೆ ಮರಿಗೆ ಊಟವಿಲ್ಲ, ಚೀಲದಲ್ಲಿ ಹೊಲಸು ಮಾಡಬಾರದಲ್ಲ. ಪ್ರಯಾಣ ಆದಷ್ಟೂ ತಂಪು ಹೊತ್ತಿನಲ್ಲಿ. ಈ ಗೆಂಡೆ ಮೀನುಗಳು ನಿಂತ ನೀರಲ್ಲಿ ತಾವಾಗಿ ಮೊಟ್ಟೆ ಇಡುವುದಿಲ್ಲವಾದ್ದರಿಂದ ಹಿಂದೆ ಮರಿಯನ್ನು ಹೊಳೆಯಲ್ಲಿ ಜಾಲಾಡಿಯೇ ತರಬೇಕಿತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ವಿಜ್ಞಾನಿ ಹೀರಾಲಾಲ್ ಚೌಧುರಿ ಮತ್ತು ಜೊತೆಗಾರರು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಅವುಗಳಿಂದ ಮೊಟ್ಟೆ ಇಡಿಸಿದರು. ಜುಲೈ 10 ಇವತ್ತಿಗೂ ದೇಶದಲ್ಲಿ ಮೀನು ಕೃಷಿಕರ ದಿನ. ಲಕ್ಷಗಟ್ಟಲೆ ಮೊಟ್ಟೆ ಇಡುವ ರೋಹು ತನ್ನ ಮರಿಗಳತ್ತ ತಿರುಗಿಯೂ ನೋಡುವುದಿಲ್ಲ. ಅದರ ಮುಂದೆ ಮೂವತ್ತು ನಲವತ್ತು ಮರಿಯನ್ನು ಹೊಟ್ಟೆಯಲ್ಲೇ ಬೆಳೆಸಿ ಈಜುವಷ್ಟು ಮಾಡಿ ಬಿಡುವ ಗಪ್ಪಿ ಎಷ್ಟೋ ಜವಾಬ್ದಾರಿಯ ತಾಯಿ. ಆಮೇಲೆ ತಿನ್ನುತ್ತದೆ ಎಂಬುದೊಂದು ಬಿಟ್ಟರೆ.

ಇಲ್ಲಿ ಮರಿ ಬೆಳೆಸುವವರ ನಿಜವಾದ ಪರೀಕ್ಷೆ ಏಪ್ರಿಲ್, ಮೇ. ಹೊರಗೆ ನಲವತ್ತು ಡಿಗ್ರಿ ದಾಟಿದಾಗ ಟ್ಯಾಂಕಿನ ನೀರು ಮೂವತ್ತರ ಮೇಲೆ ನಿಲ್ಲುತ್ತದೆ. 20 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 30 ಡಿಗ್ರಿಯದು ಏಳೂವರೆಯಷ್ಟು. ಮೀನಿಗೆ ಬೇಕಾಗುವ ಆಮ್ಲಜನಕ ಮಾತ್ರ ಬಿಸಿ ಏರಿದಂತೆ ಏರುತ್ತದೆ. ಅಮೋನಿಯಾದ ಕಥೆ ಇನ್ನೂ ಬಿರುಸು. ಪಿಎಚ್ ಎಂದರೆ ಕ್ಷಾರ ಆಮ್ಲದ ಅಳತೆ; ಪಿಎಚ್ 7ರ, 25 ಡಿಗ್ರಿಯ ನೀರಿನಲ್ಲಿ ಒಟ್ಟು ಅಮೋನಿಯಾದ ಶೇಕಡ ಒಂದಕ್ಕಿಂತ ಕಡಿಮೆ ಭಾಗ ವಿಷರೂಪದಲ್ಲಿರುತ್ತದೆ. ನಮ್ಮ ಬೋರಿನ ನೀರಿನಂತೆ ಪಿಎಚ್ 8ಕ್ಕೇರಿ, ಬಿಸಿಯೂ 30 ಆದರೆ ಅದು ಶೇಕಡ ಏಳು ದಾಟುತ್ತದೆ. ಅಂದರೆ ಬೇರೆ ಊರಿನವರು ಬರೆದ ಸೂಚನೆ ಓದಿ ಅಷ್ಟೇ ಮರಿಗೆ ಅಷ್ಟೇ ತಿಂಡಿ ಹಾಕಿದರೂ ನಮ್ಮಲ್ಲಿ ಹಾನಿ ಹತ್ತು ಪಟ್ಟು ಆಗಬಹುದು. ಗಪ್ಪಿಗೆ ಸವಳು ಹಿತ ಎಂದೆನಲ್ಲ, ಆ ಹಿತಕ್ಕೆ ಇಂಥ ಬೆಲೆಯೂ ಇದೆ.

ಬೇಸಿಗೆಯಲ್ಲಿ ನೀರು ದಿನವೂ ಆರಿ ಇಳಿಯುತ್ತದೆ. ಆರುವುದು ನೀರು, ಉಪ್ಪಲ್ಲ. ಇಳಿದಷ್ಟನ್ನೂ ಬೋರಿನ ನೀರಿನಿಂದಲೇ ತುಂಬುತ್ತ ಹೋದರೆ ತಿಂಗಳೊಪ್ಪತ್ತಿಗೆ ಟ್ಯಾಂಕು ಸಮುದ್ರದ ದಾರಿ ಹಿಡಿಯುತ್ತದೆ. ಕ್ಯಾನಿನ ನೀರು ಉಪಯೋಗಕ್ಕೆ ಬರುವುದು ಆಗಲೇ. ಆರಿ ಹೋದದ್ದಕ್ಕೆ ಕ್ಯಾನಿನ ನೀರು, ಹೊಲಸೆಂದು ತೆಗೆದು ಚೆಲ್ಲಿದ್ದಕ್ಕೆ ಬೋರಿನ ನೀರು. ಈ ಎರಡನ್ನು ಬೇರೆ ಮಾಡಿಕೊಂಡರೆ ಮರಿಗಳ ಅರ್ಧ ಕಷ್ಟ ತಪ್ಪುತ್ತದೆ.

ತಂಪಿಗೆ ನಾನು ನೆಚ್ಚಿರುವುದು ಕುಂಬಾರರ ಮಣ್ಣಿನ ಬಾನಿ. ಸುಟ್ಟ ಮಣ್ಣಿನಿಂದ ಜಿನುಗಿದ ನೀರು ಒಣಗಾಳಿಗೆ ಆರುವಾಗ ಒಳಗಿನ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಮಂಗಳೂರಿನಂಥ ತೇವದ ಹವೆಯಲ್ಲಿ ಈ ಉಪಾಯ ಅಷ್ಟಾಗಿ ನಡೆಯದು, ನಮ್ಮ ಉರಿಗಾಳಿಗೆ ಹೇಳಿ ಮಾಡಿಸಿದ್ದು. ನೆರಳಲ್ಲಿಟ್ಟು, ಒಳಗೊಂದು ಸ್ಪಂಜ್ ಫಿಲ್ಟರ್ ಓಡಿಸಿ, ಒಂದು ಹಿಡಿ ಹೈಡ್ರಿಲ್ಲಾ ಹಾಕಿದರೆ ಮರಿಗಳಿಗೆ ಗಾಜಿಗಿಂತ ಬಾನಿಯೇ ಮೇಲು. ನೋಡುವವರಿಗೆ ಚಂದ ಕಾಣದು ಅಷ್ಟೆ. ಗಾಳಿ ಮಳೆಗೆ ಕರೆಂಟು ಹೋದಾಗ ಫಿಲ್ಟರ್ ನಿಲ್ಲುತ್ತದೆ, ಅದಕ್ಕೊಂದು ಬ್ಯಾಟರಿ ಏರ್ ಪಂಪು ಇರಬೇಕು. ಅದೂ ಇಲ್ಲದಿದ್ದರೆ ಲೋಟದಿಂದ ನೀರೆತ್ತಿ ಮೇಲಿನಿಂದ ಸುರಿಯುತ್ತ ಕೂರುವುದು. ಆ ಕೆಲಸ ನಮ್ಮ ಮನೆಯಲ್ಲಿ ಅತ್ತೆಯದು, ಬೀಸಣಿಗೆ ಒಂದು ಕೈಯಲ್ಲಿ, ಲೋಟ ಇನ್ನೊಂದರಲ್ಲಿ.

ತಿಂಡಿಯ ಬಗ್ಗೆ ಚುಟುಕಾಗಿ ಹೇಳುತ್ತೇನೆ, ಏಕೆಂದರೆ ಗಪ್ಪಿ ಮರಿಗೆ ಹುಟ್ಟಿದ ದಿನದಿಂದಲೇ ಬಾಯಿ ದೊಡ್ಡದು. ಫೈಟರ್, ಗೌರಾಮಿಯಂಥ ಮೊಟ್ಟೆ ಮೀನಿನ ಮರಿಗೆ ಬೇಕಾಗುವ ಕಣ್ಣಿಗೆ ಕಾಣದ ಜೀವಿಗಳ ಕಷಾಯ ಇದಕ್ಕೆ ಬೇಡ. ದೊಡ್ಡ ಮೀನಿನ ತಿಂಡಿಯನ್ನೇ ಬೆರಳಲ್ಲಿ ಹಿಟ್ಟು ಮಾಡಿ ಚಿಟಿಕೆಯಷ್ಟು ದಿನಕ್ಕೆ ಮೂರು ನಾಲ್ಕು ಸಲ ಉದುರಿಸಿದರೆ ಸಾಕು. ಬೇಯಿಸಿದ ತತ್ತಿಯ ಹಳದಿಯನ್ನು ಬಟ್ಟೆಯಲ್ಲಿ ಹಿಂಡಿ ಹಾಕುವುದು ಹಳೆಯ ರೂಢಿ. ಮರಿ ತಿನ್ನುತ್ತವೆ ನಿಜ, ಆದರೆ ತಿನ್ನದೆ ಉಳಿದದ್ದು ನಮ್ಮ ಬಿಸಿಲಿಗೆ ಸಂಜೆಯೊಳಗೆ ಕೊಳೆತು ನಾರುತ್ತದೆ. ನಾನು ಹಾಕುವುದಿಲ್ಲ. ಆರ್ಟೀಮಿಯಾ ಎಂಬ ಉಪ್ಪುನೀರಿನ ಸೀಗಡಿಯ ಒಣ ತತ್ತಿ ಡಬ್ಬಿಯಲ್ಲಿ ಸಿಗುತ್ತದೆ. ಲೀಟರ್ ನೀರಿಗೆ 25 ರಿಂದ 30 ಗ್ರಾಂ ಉಪ್ಪು ಕಲಸಿ, ಗಾಳಿ ಗುಳ್ಳೆ ಬಿಟ್ಟು, 28 ಡಿಗ್ರಿಯಲ್ಲಿಟ್ಟರೆ ಒಂದು ಹಗಲು ಒಂದು ರಾತ್ರಿಯಲ್ಲಿ ಒಡೆದು ಕಿತ್ತಳೆ ಬಣ್ಣದ ಮರಿ ಬರುತ್ತವೆ. ಹೊರದೇಶದವರು ಇದಕ್ಕೆ ಹೀಟರ್ ಹಾಕುತ್ತಾರಂತೆ. ರಾಯಚೂರಿನಲ್ಲಿ ಅಡುಗೆಮನೆಯ ಕಟ್ಟೆಯೇ ಹೀಟರು. ಪಂಪು ನಿಲ್ಲಿಸಿ ಪಕ್ಕದಲ್ಲಿ ಬ್ಯಾಟರಿ ಹಿಡಿದರೆ ಬೆಳಕಿನ ಕಡೆ ಗುಂಪುಗೂಡುತ್ತವೆ, ಖಾಲಿ ಸಿಪ್ಪೆ ಮೇಲೆ ತೇಲುತ್ತದೆ. ಗುಂಪನ್ನಷ್ಟೇ ಎಳೆದು, ಸಿಹಿನೀರಲ್ಲಿ ತೊಳೆದು ಮರಿಗಳಿಗೆ ಹಾಕಬೇಕು.

ಇಷ್ಟೆಲ್ಲ ಮಾಡಿದರೆ ಮರಿ ಉಳಿಯುತ್ತವೆ. ಕಷ್ಟ ಶುರುವಾಗುವುದೇ ಆಗ. ಒಮ್ಮೆ ಕೂಡಿದ ಹೆಣ್ಣು ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಒಳಗೆ ಕಾಯ್ದಿಟ್ಟುಕೊಂಡು ಸಾಲಾಗಿ ಹಲವು ಹೆರಿಗೆ ಮಾಡಬಲ್ಲದು. ಮೂರು ನಾಲ್ಕು ವಾರಕ್ಕೇ ಮರಿಗಳಲ್ಲಿ ಗಂಡು ಹೆಣ್ಣು ಗುರುತಿಸಬಹುದು: ಗಂಡಿನ ಕೆಳರೆಕ್ಕೆ ಚೂಪಾಗಿ ಕಡ್ಡಿಯಂತಾಗುತ್ತದೆ. ಆಗಲೇ ಬೇರೆ ಮಾಡದಿದ್ದರೆ ಎರಡು ಮೂರು ತಿಂಗಳಲ್ಲಿ ಮರಿಗಳೇ ಮರಿ ಹಾಕತೊಡಗುತ್ತವೆ. ಎರಡಡಿ ಟ್ಯಾಂಕು ಎಷ್ಟನ್ನು ತಾಳೀತು?

ಗಪ್ಪಿಯ ತವರು ಟ್ರಿನಿಡಾಡ್, ವೆನಿಜುವೆಲಾ ಕಡೆಯ ತೊರೆಗಳು. 1976ರಲ್ಲಿ ಜಾನ್ ಎಂಡ್ಲರ್ ಎಂಬ ವಿಜ್ಞಾನಿ ಟ್ರಿನಿಡಾಡ್‌ನ ಅರಿಪೊ ನದಿಯಿಂದ, ದೊಡ್ಡ ಬೇಟೆ ಮೀನುಗಳಿದ್ದ ಜಾಗದ ಗಪ್ಪಿಗಳನ್ನು ಅಂಥ ಶತ್ರುಗಳಿಲ್ಲದ ಒಂದು ಉಪತೊರೆಗೆ ಸಾಗಿಸಿದರು. ಅಲ್ಲಿದ್ದದ್ದು ಎಳೆಯ ಗಪ್ಪಿಗಳನ್ನಷ್ಟೇ ತಿನ್ನುವ ಒಂದು ಸಣ್ಣ ಮೀನು. ಹನ್ನೊಂದು ವರ್ಷಗಳ ನಂತರದ ಲೆಕ್ಕವನ್ನು ಡೇವಿಡ್ ರೆಜ್ನಿಕ್ ಅವರೊಡನೆ ಸೇರಿ 1990ರಲ್ಲಿ ಪ್ರಕಟಿಸಿದರು. ಸಾಗಿಸಿದ ಮೀನುಗಳ ಸಂತತಿ ತಡವಾಗಿ ಪ್ರಾಯಕ್ಕೆ ಬರುತ್ತಿತ್ತು, ಮರಿಗಳ ಸಂಖ್ಯೆ ಕಡಿಮೆ, ಆದರೆ ಮರಿ ದೊಡ್ಡದು. ಪ್ರಯೋಗಾಲಯದಲ್ಲಿ ಬೆಳೆಸಿದ ಮುಂದಿನ ತಲೆಮಾರುಗಳಲ್ಲೂ ಆ ಬದಲಾವಣೆ ಉಳಿದಿತ್ತು. ತಿನ್ನುವವರು ಯಾರು, ಎಷ್ಟು ಎಂಬುದನ್ನು ಲೆಕ್ಕಕ್ಕೆ ಹಿಡಿದೇ ಮೀನು ಮರಿ ಹಾಕುತ್ತದೆ ಎಂದಾಯಿತು. ಹಾಗಿರುವಾಗ ಹಾಕಿದ್ದನ್ನೆಲ್ಲ ಉಳಿಸುತ್ತೇನೆಂದು ಹೊರಡುವುದು ಆ ಲೆಕ್ಕವನ್ನು ನಾವು ಕೆಡಿಸಿದಂತೆ. ಈಗ ನಾನು ಎಲ್ಲ ಮರಿ ಎತ್ತುವುದಿಲ್ಲ. ಗಿಡದೊಳಗೆ ತಾವಾಗಿ ಉಳಿದದ್ದರಲ್ಲಿ ಸಾಕಬಲ್ಲಷ್ಟನ್ನು ಬಾನಿಗೆ ಸೇರಿಸುತ್ತೇನೆ. "ಹಡದಾಕಿಗೆ ಹಸಿವು ಇರ್ತದ, ತಿಂದ್ರ ತಿನ್ನಲಿ ಬಿಡವಾ" ಎಂಬುದು ಅತ್ತೆಯ ತೀರ್ಪು. ಅಕ್ಕನ ಮಗ ಮಾತ್ರ ಇದನ್ನು ಇವತ್ತಿಗೂ ಒಪ್ಪಿಲ್ಲ.

ಹೆಚ್ಚಾದ ಮರಿಯನ್ನು ಮಾವಿನಕೆರೆಗೋ ಹಳ್ಳಕ್ಕೋ ಬಿಟ್ಟು ಬರುವುದನ್ನು ಪುಣ್ಯವೆಂದು ತಿಳಿದವರಿದ್ದಾರೆ. ಈ ಮೀನು ಇಲ್ಲಿಯದಲ್ಲ. ಬಿಟ್ಟ ಕಡೆ ಬೇರೂರಿ, ಊರ ಸಣ್ಣ ಮೀನುಗಳ ಮೊಟ್ಟೆ ಮರಿಗೂ ಬಾಯಿ ಹಾಕುತ್ತದೆ. 2006ರಲ್ಲಿ ಚಿಕೂನ್‌ಗುನ್ಯ ನಮ್ಮ ಜಿಲ್ಲೆಗಳನ್ನು ಮಲಗಿಸಿದ್ದು ನೆನಪಿರುವವರಿಗೆ ಗಪ್ಪಿ, ಗಂಬೂಸಿಯಾ ಹೆಸರು ಹೊಸದಲ್ಲ. ಸೊಳ್ಳೆಯ ಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರು ಬಿಡುವ ಲಾರ್ವಾಹಾರಿ ಮೀನುಗಳು ಇವೇ. ಹೊರಗೆ ಹರಿದುಹೋಗದ ಸಿಮೆಂಟ್ ಟಾಕಿಯಲ್ಲಿ ಆ ಕೆಲಸಕ್ಕೆ ನನ್ನ ಅಭ್ಯಂತರವಿಲ್ಲ.

ನಮ್ಮ ಓಣಿಯವರೊಬ್ಬರು ಹಿತ್ತಲ ಟಾಕಿಗೆಂದು ಮರಿ ಕೇಳಲು ಬಂದರು. "ಮೊದಲ ನಿಮ್ಮ ಟಾಕಿ ನೀರು ಒಂದು ಚೊಂಬು ತರ್ರಿ" ಎಂದೆ. ಮುಖ ನೋಡಿದರು, ಆದರೂ ತಂದರು. ಬ್ಲೀಚಿಂಗ್ ಪೌಡರ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಎರಡು ದಿನ ಬಿಸಿಲಿಗೆ ತೆರೆದಿಡಲು ಹೇಳಿ, ಆಮೇಲೆ ಕೆಲವು ಗಂಡು ಮರಿಗಳನ್ನಷ್ಟೇ ಡಬ್ಬಿಯಲ್ಲಿ ಹಾಕಿ, ಹನಿ ಹಾಕುವ ಪೈಪಿನ ಸಮೇತ ಕೊಟ್ಟು ಕಳಿಸಿದೆ. ಅವು ಚೆನ್ನಾಗಿವೆಯಂತೆ, ಸೊಳ್ಳೆಯೂ ಕಡಿಮೆಯಂತೆ. "ಯಕ್ಕಾ, ಎರಡು ಹೆಣ್ಣೂ ಕೊಡ್ರಿ, ಸಂತಾನ ಬೆಳೀಲಿ" ಎಂದು ಈಗ ದಿನವೂ ಕೇಳುತ್ತಿದ್ದಾರೆ. ಅವರ ಟಾಕಿ ತುಂಬಿದರೆ ನೀರು ಹರಿಯುವುದು ನೇರ ಚರಂಡಿಗೆ. ಆ ಬಾಯಿಗೆ ಜಾಳಿ ಬಡಿಸಿದ ಮೇಲೆ ಬನ್ನಿ ಎಂದಿದ್ದೇನೆ.